ಇಸಾರದಿಂದ ಇ-ಖಾತಾವರೆಗೆ

ನಾನು ದಸ್ತಾವೇಜು ಬರೆಯುವ ಕೆಲಸ ಹಿಡಿದಾಗ ನಮ್ಮೂರು ದೇವರ ಹಿಪ್ಪರಗಿಯಲ್ಲಿ ಹೊಲದ ದಲಾಲಿಯನ್ನೇ ನಂಬಿ ಬದುಕುವವರು ಯಾರೂ ಇರಲಿಲ್ಲ. ಒಬ್ಬರದು ಕಿರಾಣಿ ಅಂಗಡಿ, ಇನ್ನೊಬ್ಬರು ನಿವೃತ್ತ ಮಾಸ್ತರರು, ಮತ್ತೊಬ್ಬರು ದನದ ಸಂತೆಯ ದಲಾಲರು. ನಡುನಡುವೆ ಹೊಲವನ್ನೂ ಕೊಡಿಸುತ್ತಿದ್ದರು. ಮಳೆ ಕೈಕೊಟ್ಟ ವರ್ಷ, ಮಗಳ ಮದುವೆಯ ವರ್ಷ, ಸೊಸೈಟಿ ಸಾಲ ಕುತ್ತಿಗೆಗೆ ಬಂದ ವರ್ಷ ಭೂಮಿ ಮಾರಾಟಕ್ಕೆ ಬರುತ್ತಿತ್ತು. ಮಾರುವವನಿಗೆ ಅದು ಮಾನದ ಮಾತು. ಸುದ್ದಿ ಅಗಸಿ ದಾಟುವುದರೊಳಗೆ ಗಿರಾಕಿ ಕುದುರಬೇಕು. ಅದಕ್ಕೇ ದಲಾಲನಿಗೆ ಮೊದಲು ಬೇಕಾಗಿದ್ದದ್ದು ಬಿಗಿಬಾಯಿ. ಮಾತಿನ ಮಲ್ಲರು ಆಗಲೂ ಇದ್ದರು. ಹೊಲದ ವ್ಯವಹಾರಕ್ಕೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ.

ಸಂತೆಯ ದಲಾಲರನ್ನು ನಾವೆಲ್ಲ ಅಜ್ಜ ಅನ್ನುತ್ತಿದ್ದೆವು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ರೇಟು ಮುರಿಯುತ್ತಿದ್ದ ಕೈ ಅದು. ಹೊಲಕ್ಕೂ ಅದೇ ಪದ್ಧತಿ ತಂದಿದ್ದರು: ಕೊಡುವವನ ಕಡೆಯ ಮಾತು, ಕೊಳ್ಳುವವನ ಕಡೆಯ ಮಾತು ಅವರೊಬ್ಬರಿಗೇ ಗೊತ್ತು. ಹೊಲ ನೋಡಲು ಹೋದರೆ ಎರಿ ಮಣ್ಣಿನ ಹೆಂಟೆ ಎತ್ತಿ ಹಿಸುಕುತ್ತಿದ್ದರು, ಸವಳು ಎಲ್ಲಿ ಎದ್ದಿದೆ ನೋಡುತ್ತಿದ್ದರು, ಬದುವಿನ ಗುಂಟ ಪೂರ್ತಿ ಒಂದು ಸುತ್ತು ನಡೆಯುತ್ತಿದ್ದರು. ಆಮೇಲೆ ಮಾಲಕನನ್ನು ಬಿಟ್ಟು ಬಾಜೂ ಹೊಲದವನನ್ನು ಕೇಳುವರು: "ಬಂಡಿ ಹಾದಿ ಯಾರ ಹೊಲದಾಗ ಹಾಯ್ತೈತಿ? ಸುಗ್ಗ್ಯಾಗ ತಕರಾರ ಏನರ ಆಗೇತೇನು?" ಹಾದಿಯಿಲ್ಲದ ಹೊಲವನ್ನು ಅಗ್ಗಕ್ಕೆ ಕೊಡಿಸಿದರೆ ಮುಂದೆ ಹತ್ತು ವರ್ಷ ಬೈಸಿಕೊಳ್ಳಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ದಲಾಲಿ ಎರಡೂ ಕಡೆಯಿಂದ ಶೇಕಡಾ ಒಂದೋ ಎರಡೋ. ಮುಂದಿನ ಗಿರಾಕಿ ಬರುವುದು ಹಿಂದಿನವನ ಬಾಯಿಂದ.

ಆಗ ಉತಾರ, ಅಂದರೆ ಪಹಣಿ, ತಲಾಟಿಯ ಕೈಬರಹದ್ದು. ಹೆಸರು ತಿದ್ದಿದ್ದೂ ತಿಳಿಯುತ್ತಿರಲಿಲ್ಲ, ತಿದ್ದದೆ ಬಿಟ್ಟಿದ್ದೂ ತಿಳಿಯುತ್ತಿರಲಿಲ್ಲ. ಸತ್ತು ಎಷ್ಟೋ ವರ್ಷವಾದ ಮುತ್ತ್ಯಾನ ಹೆಸರಿನಲ್ಲೇ ಹೊಲ ಓಡುತ್ತಿತ್ತು. ಯಾವ ಮನೆಯಲ್ಲಿ ಕಾಗದದ ಮೇಲೆ ವಾಟ್ನಿ (ಪಾಲು) ಆಗಿದೆ, ಯಾವ ಮನೆಯಲ್ಲಿ ಬರೀ ಬಾಯಿಮಾತಿನ ಹಿಸ್ಸಾ ಎಂಬುದೆಲ್ಲ ದಲಾಲನ ನೆನಪಿನಲ್ಲೇ ಇರಬೇಕಾಗಿತ್ತು.

2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಕಂಪ್ಯೂಟರ್ ಉತಾರ ಕೈಗೆ. ನಮಗೆ ಆಗ ತಾಲ್ಲೂಕು ಸಿಂದಗಿ. ಬೆಳಗಿನ ಬಸ್ಸು ಹಿಡಿದು ಹೋಗಿ ಸರತಿ ನಿಲ್ಲುತ್ತಿದ್ದೆವು. 9ನೇ ಕಾಲಂನಲ್ಲಿ ಮಾಲಕನ ಹೆಸರು, 11ರಲ್ಲಿ ಬ್ಯಾಂಕಿನ ಬೋಜಾ. ಮುಚ್ಚಿಟ್ಟ ಸಾಲ ಹೀಗೆ ಬಯಲಿಗೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಉತಾರ ತರುವವರೆಲ್ಲ ದಲಾಲರಾದದ್ದೂ ಆಗಲೇ. ಕಾಗದ ಸರಿಯಿದ್ದರೆ ವ್ಯವಹಾರ ಸರಿ ಅಂದುಕೊಂಡವರು ಎಡವಿದ್ದು ಮನೆಯೊಳಗಿನ ಲೆಕ್ಕದಲ್ಲಿ.

1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಆ ಹಕ್ಕು ಕೊಟ್ಟಿತು. ಅಲ್ಲಿಂದ ಖರೀದಿ ಪತ್ರಕ್ಕೆ ಅಕ್ಕತಂಗಿಯರ ಸಹಿ ಬೇಕೇಬೇಕಾಯಿತು. ಸಿಂದಗಿ ನೋಂದಣಿ ಕಚೇರಿಯ ಮುಂದೆ ಒಂದು ದಿನ ಅಣ್ಣನೊಬ್ಬ ತಂಗಿಯನ್ನು ಗಂಡನ ಊರಿನಿಂದ ಕರೆತಂದಿದ್ದ. ಮೈಮೇಲೆ ಹೊಸ ಇಳಕಲ್ ಸೀರೆ, ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಅಜ್ಜ ಅಣ್ಣನನ್ನು ಚಹಾ ತರಲು ಕಳಿಸಿ ಆಕೆಯ ಎದುರು ಕುಳಿತರು. "ತಂಗೀ, ಹೊಲ ಮಾರೂದು ನಿನಗ ಗೊತ್ತೈತಿ? ನಿನ್ನ ಪಾಲಿಂದು ಏನ್ ಮಾತಾಗೇತಿ?" ಆಕೆಗೆ ಗೊತ್ತಿದ್ದದ್ದು ಇಷ್ಟೇ: ಯಾವುದೋ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಅಜ್ಜ ಎದ್ದರು. ಗಿರಾಕಿಗೆ "ಇವತ್ತ ಆಗೂದಿಲ್ಲ" ಅಂದರು. ಬರೆದಿಟ್ಟ ಪತ್ರವನ್ನು ನಾನು ಚೀಲಕ್ಕೆ ಹಾಕಿದೆ. ಅಣ್ಣ ಕೂಗಾಡಿದ. ಆಮೇಲೆ ಅಜ್ಜ ಆಕೆಯ ಗಂಡನ ಊರಿಗೇ ಹೋಗಿ ಕುಳಿತು ಮಾತು ಮುಗಿಸಿದರು. ಅವಳಿಗೆ ಸಲ್ಲುವ ಮೊತ್ತವನ್ನು ಪತ್ರದಲ್ಲೇ ಬರೆಸಿದರು. ಆ ಹೊಲದ ಮೇಲೆ ಇವತ್ತಿನವರೆಗೆ ಒಂದು ದಾವೆ ಇಲ್ಲ. ಅದೇ ಕಾಲದಲ್ಲಿ ಇನ್ನೊಬ್ಬರು ಅವಸರದಲ್ಲಿ ಕೊಡಿಸಿದ ಜಾಗದಲ್ಲಿ ಬುನಾದಿ ಎದ್ದು ನಿಂತಿತು, ಅಕ್ಕ ಕೋರ್ಟಿಗೆ ಹೋದಳು, ಬುನಾದಿ ಬುನಾದಿಯಾಗಿಯೇ ಉಳಿಯಿತು.

ಊರು ನಿಜವಾಗಿ ಬದಲಾದದ್ದು ತಾಲ್ಲೂಕಾದ ಮೇಲೆ. 2017ರ ಬಜೆಟ್ಟಿನಲ್ಲಿ ಘೋಷಣೆ, ಮರುವರ್ಷ ತಹಶೀಲ್ದಾರ್ ಕಚೇರಿ. ವಿಜಯಪುರದಿಂದ ಸಿಂದಗಿಗೆ ಹೋಗುವ ಹೆದ್ದಾರಿಯ ಎರಡೂ ಬದಿ ತೊಗರಿ, ಬಿಳಿಜೋಳದ ಹೊಲಗಳಲ್ಲಿ ಬಿಳಿ ಬಳಿದ ಕಲ್ಲುಗಳು ಎದ್ದವು. ಎಕರೆಯ ಮಾತು ಹೋಗಿ ಮೂವತ್ತು-ನಲವತ್ತರ ಪ್ಲಾಟಿನ ಮಾತು ಬಂತು. ದಸರೆ ಹೊತ್ತಿನ ರಾವುತರಾಯನ ಜಾತ್ರೆಗೆ ಪುಣೆ, ಗೋವಾ, ಸೊಲ್ಲಾಪುರದಿಂದ ದುಡಿಯುವ ಮಂದಿ ಊರಿಗೆ ಬರುತ್ತಾರಲ್ಲ, ಪ್ಲಾಟಿನವರ ಸುಗ್ಗಿಯೂ ಅದೇ. ಬ್ಯಾನರು, ಜೀಪು, ಡ್ರೋನಿನ ವಿಡಿಯೊ, ವಾಟ್ಸಾಪಿನಲ್ಲಿ ಬಣ್ಣದ ನಕ್ಷೆ. ಹುಡುಗರು ಚುರುಕು; ಹಿಂದಿಯಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ, ಸಾಲದ ಕಂತನ್ನು ಬಾಯಲ್ಲೇ ಹೇಳುತ್ತಾರೆ. ಅಜ್ಜನ ಕಾಲದ ಯಾರಿಗೂ ಈ ವಿದ್ಯೆ ಇರಲಿಲ್ಲ, ಇದನ್ನು ಹೀಗಳೆಯಲಾರೆ.

ಆದರೆ ಮಾರುತ್ತಿದ್ದ ಪ್ಲಾಟುಗಳಲ್ಲಿ ಕೆಲವು ಎನ್ಎ, ಅಂದರೆ ಕೃಷಿಯೇತರ, ಆಗಿರಲಿಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಯ ಆದೇಶವಿಲ್ಲದೆ ಹೊಲ ಮನೆಯ ಜಾಗ ಆಗುತ್ತಿರಲಿಲ್ಲ. ಹಾಗಿದ್ದೂ ಗುಂಟೆ ಲೆಕ್ಕದಲ್ಲಿ ಬಾಂಡ್ ಪೇಪರಿನ ಮೇಲೆ ಬರೆದುಕೊಡಿ ಎಂದು ನನ್ನ ಮೇಜಿನ ಮುಂದೆ ಬಂದು ಕುಳಿತವರಿದ್ದಾರೆ. ಕೊಳ್ಳುವವನು ಹತ್ತು ವರ್ಷ ಗಾರೆ ಕೆಲಸ ಮಾಡಿ ಉಳಿಸಿದ ದುಡ್ಡು ಹಿಡಿದು ಬಂದಿರುತ್ತಾನೆ. ಬಾಂಡ್ ಪೇಪರಿಗೆ ಸರಕಾರದ ಮುದ್ರೆ ಇದೆಯಲ್ಲ, ಅದೇ ಅವನ ಧೈರ್ಯ. ಖಾತಾ ಮಾಡಿಸಲು ಪಟ್ಟಣ ಪಂಚಾಯ್ತಿಗೆ ಹೋದಾಗಲೇ ವಿಷಯ ತಿಳಿಯುವುದು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ ಅಂಥ ಕಾಗದ ಹಿಡಿದವರ ಕಷ್ಟ ಎಲ್ಲರಿಗೂ ಕಾಣತೊಡಗಿತು.

ಕಾನೂನೂ ಈ ನಡುವೆ ಬೆಳೆದಿದೆ. ಸ್ಥಿರಾಸ್ತಿ ವ್ಯವಹಾರ ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ನೋಂದಣಿಯಾಗಬೇಕು, ಅದರ ಪ್ಲಾಟು ಮಾರುವ ಏಜೆಂಟನೂ ನೋಂದಾಯಿಸಿಕೊಳ್ಳಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ರೈತನಲ್ಲದವನೂ ಹೊಲ ಕೊಳ್ಳಬಹುದಾಯಿತು. ಬೆಂಗಳೂರಿನಿಂದ ಫೋನು ಮಾಡಿ, ಹೊಲ ನೋಡದೆಯೇ ರೇಟು ಕೇಳುವ ಗಿರಾಕಿ ಹುಟ್ಟಿಕೊಂಡದ್ದು ಹೀಗೆ. ಅಂಥವನ ಪರವಾಗಿ ಬದು ಸುತ್ತುವ ಕೆಲಸವೂ ಈಗ ದಲಾಲನದೇ. 2023ರಲ್ಲಿ ಬಂದ ಕಾವೇರಿ 2.0 ನೋಂದಣಿ ತಂತ್ರಾಂಶದಲ್ಲಿ ಪತ್ರವನ್ನು ಮನೆಯಿಂದಲೇ ಏರಿಸಬಹುದು. ನನ್ನ ಮೇಜಿಗೆ ಬರುವವರು ಕಡಿಮೆಯಾಗಿದ್ದಾರೆ. ಬರುವವರು ಬರೆಸಲಿಕ್ಕಿಂತ ಹೆಚ್ಚಾಗಿ ಕೇಳಲಿಕ್ಕೆ ಬರುತ್ತಾರೆ.

ಡಿಗ್ರಿ ಮುಗಿಸಿದ ಹುಡುಗರೂ ಬರುತ್ತಾರೆ, ಈ ಧಂದೆಗೆ ಇಳಿಯಬೇಕು, ಏನು ಕಲಿಯಬೇಕು ಅಂತ. ಕ್ಯಾಮೆರಾ, ಮಾತು, ಲೆಕ್ಕ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಾನು ಹೇಳುವುದು ಇಷ್ಟು: ಎನ್ಎ ಆದೇಶದ ಪ್ರತಿಯನ್ನು ಸ್ವತಃ ಓದು. 11ಇ ಅಳತೆ ನಕ್ಷೆ ಹಿಡಿದು ಹೊಲದಲ್ಲಿ ನಿಲ್ಲು. ಇಸಾರದ, ಅಂದರೆ ಮುಂಗಡದ, ದುಡ್ಡನ್ನು ನಿನ್ನ ಕಿಸೆಯಲ್ಲಿ ಒಂದು ರಾತ್ರಿಯೂ ಇಟ್ಟುಕೊಳ್ಳಬೇಡ. ಕೆಟ್ಟ ಸುದ್ದಿ ಇದ್ದರೆ ಇಸಾರಕ್ಕೆ ಮೊದಲೇ ಹೇಳು. ಆಮೇಲೆ ಹೇಳಿದರೆ ಅದಕ್ಕೆ ಮೋಸ ಅನ್ನುತ್ತಾರೆ. ಕೊನೆಗೆ, ಮಾರುವವರ ಮನೆಗೆ ಹೋಗಿ ಚಹಾ ಕುಡಿ. ಕುಡಿಯುತ್ತಾ, ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ, ಎಲ್ಲೆಲ್ಲಿಗೆ ಕೊಟ್ಟಿದ್ದೀರಿ ಅಂತ ಕೇಳು. ಜವಾಬು ತಟ್ಟನೆ ಬಂದರೆ ಮುಂದುವರಿ. ತಡವರಿಸಿದರೆ ಚಹಾ ಮುಗಿಸಿ ಎದ್ದು ಬಾ, ಆ ವ್ಯವಹಾರ ಇನ್ನೂ ಹಣ್ಣಾಗಿಲ್ಲ.