ಪೊಟರೆ ಇದ್ದ ತಾರೆ ಮರ

ನಮ್ಮ ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ, ಕಾನಿಗೆ ತಾಗಿಕೊಂಡು, ಅಜ್ಜನ ಕಾಲಕ್ಕೇ ಮುದಿಯಾಗಿದ್ದ ತಾರೆ ಮರವೊಂದಿತ್ತು. ಅದನ್ನು ಕಡಿಸಿದವನು ನಾನು.

ಕೊಂಬೆ ಮುರಿದ ಜಾಗ ಕೊಳೆತು ಎತ್ತರದಲ್ಲಿ ಪೊಟರೆ ಬಿದ್ದಿತ್ತು, ಒಂದು ಮಗ್ಗುಲು ಒಣಗಿತ್ತು. ಮಳೆಗಾಲದಲ್ಲಿ ತೋಟದ ಮೇಲೆ ಮಗುಚಿದರೆ ಅಡಿಕೆ ಮರಗಳ ಗತಿಯೇನು ಎಂದು ಅರ್ಜಿ ಬರೆದು ಒಪ್ಪಿಗೆ ಪಡೆದೆ. ನಿಜ ಹೇಳಬೇಕೆಂದರೆ ಮರ ವಾಲಿದ್ದದ್ದು ಕಾನಿನ ಕಡೆಗೆ. ಅದು ನನಗೆ ಗೊತ್ತಿತ್ತು. ಸೊಪ್ಪು ಕಡಿಯಲು ಬರುತ್ತಿದ್ದ ಹಿರಿಯರೊಬ್ಬರು, "ಹೆಗಡೇರೆ, ಅದ್ರ ಪೊಟ್ರೇಲಿ ಹಕ್ಕಿ ಸಂಸಾರ ಮಾಡ್ತದೆ, ಬಿಟ್ಬಿಡಿ" ಎಂದರು. ಇಷ್ಟು ದೊಡ್ಡ ಕಾಡಿನಲ್ಲಿ ಹಕ್ಕಿಗೆ ಬೇರೆ ಮರ ಸಿಗದೇ, ಬೇಕಾದರೆ ನೂರು ಸಸಿ ನೆಡುತ್ತೇನೆ ಎಂದೆ. ನಂಬಿಯೇ ಹೇಳಿದ ಮಾತು ಅದು. ಸಸಿಗಳನ್ನು ನೆಟ್ಟೆ ಕೂಡ.

ಮರ ಉರುಳಿದ್ದು ದೀಪಾವಳಿ ಕಳೆದ ಮೇಲೆ. ಪೊಟರೆಯ ತಳದಲ್ಲಿ ಒಣಗಿದ ಹಿಕ್ಕೆ, ಹಣ್ಣಿನ ಬೀಜ, ಉದ್ದನೆಯ ಗರಿಗಳು ಸಿಕ್ಕವು. ಸಂಕ್ರಾಂತಿಯ ಹೊತ್ತಿಗೆ ಮಂಗಟ್ಟೆ ಜೋಡಿ ಬಂತು. ಅಕ್ಕಪಕ್ಕದ ಮರಗಳಿಂದ ಖಾಲಿ ಜಾಗದ ಸುತ್ತ ಹಾರಾಡಿತು, ಪಕ್ಕದ ಮತ್ತಿ ಮರದ ಸಣ್ಣ ತೂತಿಗೆ ಕೊಕ್ಕು ತೂರಿಸಿ ನೋಡಿತು. ಕೆಲವು ದಿನ ಹೀಗೇ ಬಂದು ಹೋಗಿ, ಆಮೇಲೆ ಬರಲಿಲ್ಲ.

ಆಮೇಲಷ್ಟೇ ನಾನು ಓದಲು, ಬಲ್ಲವರನ್ನು ಕೇಳಲು ತೊಡಗಿದ್ದು. ಮರಕುಟಿಗದಂತೆ ಮಂಗಟ್ಟೆ ತಾನೇ ಮರ ಕೊರೆಯಲಾರದು. ದೊಡ್ಡ ಮಂಗಟ್ಟೆಗೆ ಅದರ ಮೈ ಹಿಡಿಸುವಷ್ಟು ದಪ್ಪದ, ತಾನಾಗಿ ಪೊಟರೆ ಬಿದ್ದ ಮರವೇ ಬೇಕು. ಹೆಣ್ಣು ಒಳಗೆ ಸೇರಿ, ಹಿಕ್ಕೆ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ತಿಂಗಳುಗಟ್ಟಲೆ ಅದಕ್ಕೂ ಮರಿಗೂ ಗಂಡೇ ಹಣ್ಣು ತಂದು ಉಣಿಸಬೇಕು. ಒಳ್ಳೆಯ ಪೊಟರೆ ಸಿಕ್ಕರೆ ವರ್ಷ ವರ್ಷವೂ ಅಲ್ಲಿಗೇ ಮರಳುತ್ತದೆ. ಆಲ, ಬಸರಿ, ರಾಂಪತ್ರೆಯ ಬೀಜಗಳನ್ನು ದೂರ ದೂರ ಚೆಲ್ಲುವುದೂ ಇದೇ ಹಕ್ಕಿ. ನಾನು ನೆಟ್ಟ ಸಸಿಗಳಲ್ಲಿ ಅಂಥ ಪೊಟರೆ ಬೀಳುವುದನ್ನು ನನ್ನ ಮೊಮ್ಮಕ್ಕಳೂ ನೋಡಲಾರರು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರ ಅಪ್ಪಿ ನಿಂತ ಕಥೆ ಕೇಳುತ್ತ ಬೆಳೆದವನು ನಾನು. ಕೊಡಲಿ ಯಾವತ್ತೂ ಹೊರಗಿನಿಂದ, ಗುತ್ತಿಗೆದಾರನ ಲಾರಿ ಹತ್ತಿ ಬರುತ್ತದೆ ಎಂದೇ ತಿಳಿದಿದ್ದೆ. ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟಕ್ಕೆಂದು ಬಿಟ್ಟುಕೊಟ್ಟ ಬೆಟ್ಟದಲ್ಲಿ ಸೊಪ್ಪು, ದರಕು ತರುವ ಹಕ್ಕು ನಮ್ಮದು. ಅಲ್ಲಿ ಉಳಿದ ಮುದಿ ಮರಗಳ ಹೊಣೆಯೂ ನಮ್ಮದೇ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹೋದ ದಿನ ಈ ಸಂಕಟ ಇನ್ನೂ ಹೆಚ್ಚಿತು. ಅಲ್ಲಿ ಹಳ್ಳದ ಕೆಸರಿನಲ್ಲಿ ರಾಂಪತ್ರೆ ಜಾತಿಯ ಮರಗಳು ಮಂಡಿಯಂತೆ ಬಾಗಿದ ಬೇರುಗಳನ್ನು ನೆಲದಿಂದ ಮೇಲಕ್ಕೆತ್ತಿ ಉಸಿರಾಡುತ್ತವೆ. ಗೇರಿನ ಕುಟುಂಬಕ್ಕೆ ಸೇರಿದ, ಅಲ್ಲಿಯವರೆಗೆ ವಿಜ್ಞಾನಕ್ಕೆ ಗೊತ್ತೇ ಇರದಿದ್ದ ಮರವೊಂದನ್ನು ಸಸ್ಯವಿಜ್ಞಾನಿಗಳು 2000ದಲ್ಲಿ ಈ ಜೌಗಿನಿಂದಲೇ ಹೆಸರಿಸಿದರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಇಷ್ಟು ಎತ್ತರದ ಮರ, ಇಷ್ಟು ಹತ್ತಿರದಲ್ಲಿ, ಅಷ್ಟು ತಡವಾಗಿ ಕಣ್ಣಿಗೆ ಬಿತ್ತು! ಒಣಕಲು, ಕೊಳಕಲು ಎಂದು ನಾವು ತೆಗೆಸಿಹಾಕಿದ ಮರಗಳಲ್ಲಿ, ಅವುಗಳ ಬುಡದಲ್ಲಿ, ಹೆಸರಿಡುವ ಮೊದಲೇ ಏನೇನು ಹೋಯಿತೋ.

ಸಸಿ ನೆಡುವುದು ಬೇಡ ಎನ್ನುತ್ತಿಲ್ಲ. ಬೋಳು ಗುಡ್ಡಕ್ಕೆ ಅದು ಬೇಕೇ ಬೇಕು. ಆದರೆ ಸಸಿಯ ಲೆಕ್ಕ ತೋರಿಸಿ ಮುದಿ ಮರ ಕಡಿಯುವ ವ್ಯಾಪಾರವನ್ನು ಇನ್ನು ನಾನು ಒಪ್ಪಲಾರೆ. ಈಗ ನೆಂಟರು, ನೆರೆಯವರು ಮರ ತೆಗೆಸುವ ಮಾತೆತ್ತಿದರೆ ನಾನೂ ಜೊತೆಗೆ ಹೋಗುತ್ತೇನೆ. ಮರ ಯಾವ ಕಡೆ ವಾಲಿದೆ, ಪೊಟರೆ ಇದೆಯೇ, ಬುಡದಲ್ಲಿ ಹಿಕ್ಕೆ, ಬೀಜ ಬಿದ್ದಿದೆಯೇ ನೋಡುತ್ತೇವೆ. ತೋಟದ ಕಡೆ ಚಾಚಿದ ಕೊಂಬೆಯನ್ನಷ್ಟೇ ಇಳಿಸಿ ಕಾಂಡ ಉಳಿಸಿಕೊಳ್ಳಲು ಕೆಲವರು ಒಪ್ಪಿದ್ದಾರೆ, ಕೆಲವರು ಒಪ್ಪಿಲ್ಲ. ನಮ್ಮೂರ ಗ್ರಾಮ ಅರಣ್ಯ ಸಮಿತಿ ಪ್ರತಿ ಬೆಟ್ಟದ ಪೊಟರೆ ಮರಗಳನ್ನು ಪಟ್ಟಿ ಮಾಡಬೇಕು, ಆ ಪಟ್ಟಿ ನೋಡದೆ ಯಾವ ಅರ್ಜಿಗೂ ಹೂಂ ಅನ್ನಬಾರದು ಎಂದು ಕೇಳಿಕೊಂಡಿದ್ದೇನೆ.