ಮತ್ತೊಮ್ಮೆ ಪ್ರಯತ್ನಿಸಿ

ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದ ನಾನು, ನಿವೃತ್ತನಾದ ಮೇಲೆ ಕಾಗುಣಿತದ ತಪ್ಪಿಗಾಗಿ ಸಿಕ್ಕಿಬೀಳುತ್ತೇನೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅದೂ ಯಾರ ಕೈಯಲ್ಲಿ? ನನ್ನದೇ ಮೇಜಿನ ಮೇಲಿರುವ ಗಣಕಯಂತ್ರದ ಕೈಯಲ್ಲಿ!

ನಮ್ಮದು ಹಲವು ನುಡಿಗಳ ಸೀಮೆ. ಹಳಿಯಾಳದ ಸಂತೆಯಲ್ಲಿ ಕನ್ನಡದೊಡನೆ ಮರಾಠಿ ಕೇಳಿಸುತ್ತದೆ. ಜೋಯಿಡಾದ ಕಾಡಿನ ಊರುಗಳಲ್ಲಿ ಕೊಂಕಣಿ. ಮುಂಡಗೋಡದಲ್ಲಿ ಟಿಬೆಟಿನಿಂದ ಬಂದು ನೆಲೆಸಿದವರ ಮಾತು. ಕಾಗದದ ಕಾರ್ಖಾನೆಯಿರುವ ದಾಂಡೇಲಿಯಲ್ಲಂತೂ ಎಲ್ಲವೂ. ಈ ಸೀಮೆಯ ಹಿರಿಯರು ಹಾಡಿದ ಹಾಡುಗಳನ್ನು ನಾನು ಧ್ವನಿಮುದ್ರಿಸಿಕೊಂಡಿದ್ದೆ. ಅವುಗಳ ನಡುವೆ ಸೇರಿದ್ದ ನಾಯಿಯ ಬೊಗಳು, ಗಾಳಿಯ ಸದ್ದುಗಳನ್ನು ಕತ್ತರಿಸಬೇಕಾಗಿತ್ತು. ಅದಕ್ಕೆ 'ಅಡಾಸಿಟಿ' ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಧಾರವಾಡದಲ್ಲಿ ಓದುತ್ತಿರುವ ಮೊಮ್ಮಗಳು ದೂರವಾಣಿಯಲ್ಲಿ, "ಅಜ್ಜಾ, ಒಂದೊಂದನ್ನೂ ಹುಡುಕಿಕೋತ ಹೋಗಬ್ಯಾಡ್ರಿ. ಮೊದಲು ಒಂದು ಪ್ಯಾಕೇಜ್ ಮ್ಯಾನೇಜರ್ ಹಾಕಿಕೊಳ್ರಿ" ಎಂದಳು.

ಅದೇನೆಂದು ತಿಳಿಯಲು ಮದುವೆಮನೆಯ ಉಗ್ರಾಣವನ್ನು ನೆನೆದರೆ ಸಾಕು. ಅಡಿಗೆಯವರು "ಹೋಳಿಗೆಗೆ ಕೊಡಿ" ಎನ್ನುತ್ತಾರೆ. ಉಗ್ರಾಣ ನೋಡಿಕೊಳ್ಳುವ ಜಾಣನು ಬೇಳೆಯನ್ನಷ್ಟೇ ಕೊಟ್ಟು ಸುಮ್ಮನಾಗುವುದಿಲ್ಲ. ಬೆಲ್ಲ, ಏಲಕ್ಕಿ, ತುಪ್ಪಗಳನ್ನೂ ಜೊತೆಗೂಡಿಸುತ್ತಾನೆ. ಗಣಕಯಂತ್ರದ ಉಗ್ರಾಣಿಯೂ ಅಂಥವನೇ. ಹೆಸರು ಹೇಳಿದರೆ ಆ ತಂತ್ರಾಂಶವನ್ನೂ ಅದು ನೆಚ್ಚಿಕೊಂಡಿರುವ ಇತರ ತಂತ್ರಾಂಶಗಳನ್ನೂ ತರುತ್ತಾನೆ, ಹಳೆಯದನ್ನು ಹೊಸತು ಮಾಡುತ್ತಾನೆ, ಬೇಡವೆಂದರೆ ತೆಗೆದುಹಾಕುತ್ತಾನೆ. 1999ರ ಮಾರ್ಚಿನಲ್ಲಿ ಹೊರಬಂದ ಡೆಬಿಯನ್ 2.1ರಲ್ಲಿ 'ಆಪ್ಟ್' ಎಂಬ ಉಗ್ರಾಣಿಯಿದ್ದನು. ವಿಂಡೋಸ್ ಯಂತ್ರಗಳಿಗೆ 2011ರಲ್ಲಿ 'ಚಾಕೊಲೇಟಿ' ಬಂದಿತು. ಹೆಸರು ಸಿಹಿಯಾಗಿದ್ದುದರಿಂದ ನಾನು ಇದನ್ನೇ ಆರಿಸಿಕೊಂಡೆ.

ಇಲ್ಲಿ ಚಿತ್ರಗಳ ಮೇಲೆ ಮೌಸನ್ನು ಒತ್ತಿದರೆ ಕೆಲಸವಾಗದು. ಅಪ್ಪಣೆಯನ್ನು ಅಕ್ಷರಗಳಲ್ಲಿಯೇ ಬರೆಯಬೇಕು. ಅದಕ್ಕಾಗಿ 'ಪವರ್‌ಶೆಲ್' ಎಂಬ ನೀಲಿ ಕಿಟಕಿಯನ್ನು ಆಡಳಿತಗಾರನ ಅಧಿಕಾರದಿಂದ ತೆರೆದೆನು. ಚಾಕೊಲೇಟಿಯನ್ನು ರಚಿಸಿದವರೇ ಪ್ರಕಟಿಸಿರುವ ಉದ್ದನೆಯ ಸಾಲನ್ನು ತಂದು ಅಲ್ಲಿ ಅಂಟಿಸಿ, ಬೆರಳನ್ನು ಮೇಲೆತ್ತಿದೆ. "ತಡೀರಿ ಅಜ್ಜಾ! ಮೊದಲು ಓದ್ರಿ, ಆಮೇಲೆ ಒತ್ರಿ. ಮನೀ ಕೀಲಿಕೈ ಕೊಟ್ಟಂಗ ಅದು" ಎಂದಳು ಮೊಮ್ಮಗಳು. ಹೌದು, ಆಡಳಿತಗಾರನ ಅಧಿಕಾರದಿಂದ ಕೊಟ್ಟ ಅಪ್ಪಣೆ ಯಂತ್ರದಲ್ಲಿ ಏನನ್ನು ಬೇಕಾದರೂ ಬದಲಿಸಬಲ್ಲದು. ಸಾಲು ಸರಿಯಾದ ಕಡೆಯಿಂದ ಬಂದುದೇ ಎಂದು ನೋಡಿ, ಓದಿ, ಆಮೇಲೆ ಒತ್ತಿದೆನು. ಸಾಲುಗಳು ಸರಸರನೆ ಹರಿದುವು. ಉಗ್ರಾಣಿ ನೆಲೆಗೊಂಡನು.

ಕಿಟಕಿಯನ್ನು ಮುಚ್ಚಿ ಮತ್ತೆ ತೆರೆದು, ಉತ್ಸಾಹದಿಂದ ಮೊದಲ ಅಪ್ಪಣೆಯನ್ನು ಬರೆದೆನು. ಕೂಡಲೇ ಕೆಂಪು ಅಕ್ಷರಗಳು ಮೂಡಿದುವು! ಅವುಗಳ ತಾತ್ಪರ್ಯ ಇಷ್ಟು: 'ಈ ಹೆಸರು ನನಗೆ ಗುರುತಿಲ್ಲ. ಕಾಗುಣಿತವನ್ನು ಪರೀಕ್ಷಿಸಿ ಮತ್ತೊಮ್ಮೆ ಪ್ರಯತ್ನಿಸಿ.' ನೋಡುತ್ತೇನೆ, 'ಚಾಕೊ' ಎಂಬಲ್ಲಿ ಇಂಗ್ಲಿಷಿನ ಎರಡನೆಯ 'ಸಿ' ಇರಬೇಕಾದ ಕಡೆ 'ಕೆ' ಬರೆದಿದ್ದೇನೆ. ಕಿವಿಗೆ 'ಕ' ಎಂದು ಕೇಳಿಸಿತು. ಕೈ ಹಾಗೆಯೇ ಬರೆಯಿತು.

ನಗು ಬಂದಿತು. ಆದರೆ ಆ ನಗು ಅರ್ಧಕ್ಕೇ ನಿಂತಿತು.

ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಮರಾಠಿ ಮನೆಮಾತಿನ ಹುಡುಗನೊಬ್ಬನಿದ್ದನು. 'ಗಿಡಕ್ಕೆ ನೀರು ಕೊಡು' ಎಂಬುದನ್ನು ಅವನು ಹಲಗೆಯ ಮೇಲೆ 'ನೀರು ಕೋಡು' ಎಂದು ಬರೆದನು. "ಏನಪ್ಪಾ, ನಿನ್ನ ನೀರಿಗೆ ಕೋಡು ಮೂಡಿದೆಯೋ?" ಎಂದೆ ನಾನು. ತರಗತಿ ಗೊಳ್ಳೆಂದಿತು. ಹುಡುಗನು ಸುಣ್ಣದ ಕಡ್ಡಿಯನ್ನು ಇಟ್ಟು, ತಲೆ ತಗ್ಗಿಸಿ ಹೋಗಿ ಕುಳಿತನು. ಆಮೇಲೆ ಅವನು ತಾನಾಗಿ ಹಲಗೆಯ ಬಳಿಗೆ ಬರಲಿಲ್ಲ. ಉತ್ತರಗಳನ್ನೂ ಒಂದೇ ಸಾಲಿನಲ್ಲಿ ಮುಗಿಸತೊಡಗಿದನು. ಮರಾಠಿಯ ಬರಹದಲ್ಲಿ 'ಒ', 'ಓ' ಎಂದು ಎರಡು ಅಕ್ಷರಗಳಿಲ್ಲ, ಇರುವುದು ಒಂದೇ. ನನ್ನ ಹಾಗೆ ಅವನೂ ತನ್ನ ಕಿವಿಯನ್ನು ನಂಬಿ ಬರೆದಿದ್ದನು.

ಯಂತ್ರಕ್ಕೆ ಕರುಣೆಯಿಲ್ಲ, ಆದರೆ ಅಪಹಾಸ್ಯವೂ ಇಲ್ಲ. ನಾನೇಕೆ 'ಕೆ' ಬರೆದೆನೆಂಬುದು ಅದಕ್ಕೆ ಎಂದೆಂದಿಗೂ ತಿಳಿಯದು. ಹುಡುಗನೇಕೆ 'ಓ' ಬರೆದನೆಂಬುದನ್ನು ನಾನು ತಿಳಿಯಬಹುದಾಗಿತ್ತು. ಅವನ ಮನೆಮಾತು ಯಾವುದೆಂದು ನನಗೆ ಗೊತ್ತಿತ್ತು. ತಿಳಿಸಿ ಹೇಳಲು ಎರಡು ನಿಮಿಷ ಸಾಕಾಗುತ್ತಿತ್ತು. ತಪ್ಪನ್ನು ತಪ್ಪೆಂದುದು ತಪ್ಪಲ್ಲ. 'ಮತ್ತೊಮ್ಮೆ ಪ್ರಯತ್ನಿಸು' ಎನ್ನದೆ ಹೋದುದೇ ನನ್ನ ತಪ್ಪು.

ಒಂದು ಅಕ್ಷರವನ್ನು ತಿದ್ದಿ ಮತ್ತೆ ಬರೆದೆನು. ಉಗ್ರಾಣಿ ಒಪ್ಪಿಗೆ ಕೇಳಿದನು. ಓದಿ ನೋಡಿ 'ಹೌದು' ಎಂದೆ. ತುಸು ಹೊತ್ತಿನಲ್ಲಿ ಅಡಾಸಿಟಿ ಬಂದಿತು. ಮೊದಲು ತೆರೆದ ಹಾಡು ಹಳಿಯಾಳ ಕಡೆಯ ಮುದುಕಿಯೊಬ್ಬಳದು. ಮರಾಠಿಯ ಬೀಸುಕಲ್ಲಿನ ಪದ. ಅದನ್ನು ಕೇಳುತ್ತ ಕುಳಿತಾಗ ಆ ಹುಡುಗನ ಮುಖ ಕಣ್ಣ ಮುಂದೆ ಬಂದಿತು. ಈಗ ಅವನೂ ನಡುವಯಸ್ಸು ದಾಟಿರಬೇಕು. ಎಲ್ಲಿರುವನೋ ತಿಳಿಯದು.

ನೆರೆಮನೆಯ ಮಕ್ಕಳು ಈಗಲೂ ತಮ್ಮ ಪಟ್ಟಿಪುಸ್ತಕಗಳನ್ನು ನನಗೆ ತೋರಿಸಲು ತರುತ್ತಾರೆ. ತಪ್ಪಿದ್ದಲ್ಲಿ ನಾನು ಇಂದಿಗೂ ಗೆರೆ ಎಳೆಯುತ್ತೇನೆ. ಬಳಿಕ ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು, "ಇದನ್ನು ಹೀಗೇಕೆ ಬರೆದೆ, ಹೇಳು" ಎಂದು ಕೇಳುತ್ತೇನೆ.