ತರ್ದವಾಡಿ ಸಾವಿರ

ಪ್ರಾಚೀನ ಜಗತ್ತನ್ನು ಕಂಪ್ಯೂಟರ್ ಪರದೆಗೆ ತಂದ ಸ್ಟ್ರಾಟೆಜಿ ಆಟಗಳಲ್ಲಿ ಹೊಸಬರ ಕಣ್ಣೆಲ್ಲ ಗಡಿಯ ಮೇಲೆ. ಆದರೆ ಬೆಳೆದು ನಿಂತ ರಾಜ್ಯಕ್ಕೆ ದೊಡ್ಡ ಅಪಾಯ ಒಳಗಿನ ಬಣಗಳದ್ದು. 2019ರ ‘ಇಂಪರೇಟರ್: ರೋಮ್’ ಆಟದಲ್ಲಿ ಬಹುಕಾಲ ಪಡೆ ನಡೆಸಿದ ಸೇನಾನಿಗೆ ಆ ಪಡೆಯೇ ನಿಷ್ಠವಾಗಿಬಿಡುತ್ತದೆ, ಅತೃಪ್ತರ ಕೈಯಲ್ಲಿ ಬಲ ಮಿತಿಮೀರಿದರೆ ಅಂತರ್ಯುದ್ಧ. ಎದುರು ಬಣವನ್ನು ಮೊಳಕೆಯಲ್ಲೇ ಚಿವುಟಬೇಕೆಂಬುದು ಅನೇಕ ಆಟಗಾರರ ಮತ. ನಾನು ಇದನ್ನು ಒಪ್ಪುವುದಿಲ್ಲ. ಬಣಕ್ಕೆ ಪಾಲು ಕೊಡಬೇಕು. ನೆಲ, ದಂಡು, ಮನೆತನದ ಹಕ್ಕು ಮೂರೂ ಒಂದೇ ಕೈಗೆ ಸೇರದಂತೆ ಮಾತ್ರ ಕಾಯಬೇಕು. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಜಮಖಂಡಿ, ಬೀಳಗಿಯ ಆಟಗಾರ ರೋಮಿಗೆ ಹೋಗಬೇಕಿಲ್ಲ. ಅವನ ಜಿಲ್ಲೆಯಲ್ಲೇ ಬಾದಾಮಿ ಇದೆ, ಐಹೊಳೆ ಇದೆ.

ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನ ಬಾದಾಮಿ ಚಾಲುಕ್ಯರ ಅರಸ ಇಮ್ಮಡಿ ಪುಲಕೇಶಿಯ ಹೊಗಳಿಕೆ ನಿಜ. ಆದರೂ ಬಣ ರಾಜಕೀಯದ ಅಷ್ಟು ಹಳೆಯ, ಅಷ್ಟು ನಿಖರವಾದ ಚಿತ್ರ ನಮ್ಮಲ್ಲಿ ಅಪರೂಪ. ಚಿಕ್ಕಪ್ಪ ಮಂಗಳೇಶ ಅಣ್ಣನ ಮಗ ಪುಲಕೇಶಿಯನ್ನು ಬದಿಗೆ ಸರಿಸಿ ಸ್ವಂತ ಮಗನಿಗೆ ಪಟ್ಟ ಕಟ್ಟಲು ಹೊರಟ. ಮಗನ ಪಟ್ಟ, ತನ್ನ ರಾಜ್ಯ, ಪ್ರಾಣ ಮೂರನ್ನೂ ಒಟ್ಟಿಗೆ ಕಳೆದುಕೊಂಡ. ಚಿವುಟುವ ನೀತಿಯ ಫಲ ಇದು. ಆ ಗೊಂದಲ ನೋಡಿ ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಆನೆಗಳ ಪಡೆಯೊಡನೆ ಭೀಮಾ ನದಿಯ ಕಡೆಯಿಂದ ಏರಿಬಂದರು. ಪುಲಕೇಶಿ ಇಬ್ಬರನ್ನೂ ಮುಗಿಸಲು ಹೋಗಲಿಲ್ಲ. ಒಬ್ಬನಿಗೆ ರಣದಲ್ಲಿ ಭಯದ ರುಚಿ ತೋರಿಸಿದ. ಇನ್ನೊಬ್ಬ ಉಪಕಾರ ಮಾಡಿ ಅದರ ಫಲ ಪಡೆದ. ಎರಡು ಬಣಗಳನ್ನು ಬೇರ್ಪಡಿಸಿ ಒಂದನ್ನು ಒಳಗೆ ತೆಗೆದುಕೊಂಡದ್ದರಿಂದಲೇ ಆಗಷ್ಟೇ ದಾಯಾದಿ ಕಾಳಗದಿಂದ ಹೊರಬಂದ ರಾಜ್ಯ ಉಳಿಯಿತು ಎಂದು ನಾನು ಓದುತ್ತೇನೆ.

ಪಾಲು ಕೊಟ್ಟವನೂ ಕೆಟ್ಟಿದ್ದಾನಲ್ಲ ಎಂಬ ಆಕ್ಷೇಪಣೆಗೆ ತೂಕವಿದೆ. ಪುಲಕೇಶಿಯೇ ತಮ್ಮ ಕುಬ್ಜ ವಿಷ್ಣುವರ್ಧನನನ್ನು ವೆಂಗಿಗೆ ಕಳಿಸಿದ. ಅಲ್ಲಿ ಬೇರೆಯೇ ರಾಜವಂಶ ಬೇರೂರಿತು. ಇನ್ನೂ ಕಟುವಾದದ್ದು ರಾಷ್ಟ್ರಕೂಟರ ಉದಾಹರಣೆ. ಮೂರನೇ ಕೃಷ್ಣನ ಕಾಲದಲ್ಲಿ ಇಂದಿನ ವಿಜಯಪುರ ಸೀಮೆಯ ತರ್ದವಾಡಿ ಸಾವಿರ ನಾಡನ್ನು ಸಾಮಂತ ತೈಲಪ ಆಳುತ್ತಿದ್ದ. ಪರಮಾರ ಸೀಯಕ 972ರಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಮಾಡಿದ. ಮರುವರ್ಷವೇ ತೈಲಪ ತನ್ನ ಒಡೆಯರನ್ನು ಇಳಿಸಿ ಚಾಲುಕ್ಯ ಪಟ್ಟವನ್ನು ಮತ್ತೆ ಕಟ್ಟಿದ. ಆದರೆ ಇಲ್ಲಿ ಕೆಡಿಸಿದ್ದು ಪಾಲು ಕೊಟ್ಟದ್ದಲ್ಲ, ಪಾಲಿನ ಬಗೆ. ಹಳೆಯ ಚಾಲುಕ್ಯರ ವಂಶಜನೆಂದು ಹೇಳಿಕೊಳ್ಳುವವನಿಗೆ ನಾಡೂ ದಂಡೂ ಒಟ್ಟಿಗೆ ಸಿಕ್ಕಿದ್ದವು. ರಾಜಧಾನಿ ಗಟ್ಟಿಯಿರುವವರೆಗೆ ಅವನು ನಿಷ್ಠಾವಂತನೇ.

ನಿಷ್ಠೆಯನ್ನು ಅಂಕಿಯಲ್ಲಿ ಅಳೆಯುವ ಆಟದಿಂದ ಇತಿಹಾಸ ತಿಳಿಯದು ಎನ್ನುವವರಿದ್ದಾರೆ. ತೈಲಪನ ತಲೆಯ ಮೇಲೆ ಅಂಕಿ ತೋರುತ್ತಿರಲಿಲ್ಲ, ಒಪ್ಪೋಣ. ಆದರೆ ಬಲ ಎಲ್ಲಿ ಗುಡ್ಡೆಯಾಗುತ್ತಿದೆ ಎಂಬ ಪ್ರಶ್ನೆಯನ್ನು ಆಟ ಮತ್ತೆ ಮತ್ತೆ ಕೇಳಿಸುತ್ತದೆ, ಅರಸರ ಪಟ್ಟಿ ಬಾಯಿಪಾಠ ಮಾಡಿಸುವ ಪುಸ್ತಕ ಕೇಳಿಸುವುದಿಲ್ಲ. ರಬಕವಿ-ಬನಹಟ್ಟಿಯಲ್ಲೋ ಮುಧೋಳದಲ್ಲೋ ಕೋಡಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರೇ, ಮೇಗುತಿ ಶಾಸನದ ಅನುವಾದವನ್ನೊಮ್ಮೆ ಓದಿ, ಬಾದಾಮಿಯನ್ನು ನಡುವಿಟ್ಟು ಕನ್ನಡದಲ್ಲೇ ಇಂಥದ್ದೊಂದು ಆಟ ಕಟ್ಟಿರಿ.